ಆರನೆಯವರನ್ನು ಹತ್ತಿಸಿದ್ದು ನಾನೇ: ತುಂಗಭದ್ರೆಯ ದಂಡೆಯ ಒಂದು ಪ್ರಕರಣ

ಇದು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರೆಯ ಎಡದಂಡೆಯಲ್ಲಿ, ಪ್ರವಾಸಿಗರನ್ನು ಹರಗೋಲಿನಲ್ಲಿ, ಅಂದರೆ ದುಂಡನೆಯ ಬುಟ್ಟಿ ದೋಣಿಯಲ್ಲಿ, ಕರೆದೊಯ್ಯುವ ಒಂದು ಕಡೆ ನಡೆದ ಅವಘಡದ ಕತೆ. ಗಂಗಾವತಿ ತಾಲೂಕು, ಆನೆಗೊಂದಿಯಿಂದ ತೀರಾ ದೂರ ಇಲ್ಲ, ಅಷ್ಟು ಸಾಕು. ಊರು, ವರ್ಷ, ಯಾರ ಹೆಸರೂ ಇಲ್ಲಿ ಬರೋದಿಲ್ಲ. ಕೆಲವು ಗುರುತುಗಳನ್ನು ಬೇಕಂತಲೇ ಬದಲಿಸಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ.

ನಾನು ಅಂಬಿಗ ಅಲ್ಲ. ಈಜು ಬರುತ್ತದೆ, ಆದರೆ ಹುಟ್ಟು ನನ್ನ ಕೈಗೆ ಕೊಟ್ಟರೆ ಹರಗೋಲು ನಿಂತಲ್ಲೇ ಸುತ್ತುತ್ತದೆ. ನನ್ನ ಕೆಲಸ ದಡದ ಮೇಲೆ. ಹುಣಸೆ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ನೋಟ್‌ಬುಕ್, ಹಣದ ಡಬ್ಬಿ. ಯಾರು ಯಾವ ಹರಗೋಲು ಹತ್ತಬೇಕು, ಎಷ್ಟು ಜನ ಹತ್ತಬೇಕು ಅಂತ ಹೇಳುವವನು ನಾನು. ಹಾಗಾಗಿ ಈ ಕತೆಯಲ್ಲಿ ನಾನು ಬರೀ ನೋಡಿದವನಲ್ಲ.

ದಂಡೆ ಎಂಥದ್ದು, ಸೀಸನ್ ಎಂಥದ್ದು

ಮಳೆಗಾಲದಲ್ಲಿ ಡ್ಯಾಂ ತುಂಬಿ ನದಿಗೆ ನೀರು ಬಿಟ್ಟರೆ ನಮ್ಮ ದಂಡೆ ಬಂದ್. ಹರಗೋಲುಗಳನ್ನು ಬಂಡೆಯ ಮೇಲೆ ಎಳೆದು ಮಗುಚಿ ಹಾಕುತ್ತಾರೆ. ಆ ಕಾಲದಲ್ಲಿ ಯಾರಿಗೂ ಎಚ್ಚರ ಹೇಳಬೇಕಾಗಿಲ್ಲ, ಕೆಂಪು ನೀರಿನ ಸದ್ದೇ ಹೇಳುತ್ತದೆ. ನೀರು ಇಳಿದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಸೀಸನ್. ಆಗ ಹೊಳೆ ಕನ್ನಡಿ ಹಾಗೆ ಇರುತ್ತದೆ. ನಮ್ಮ ಕಡೆ ಬಂಡೆಗಳ ನಡುವೆ ಒಂದು ಮಡು ಇದೆ. ಒಂದು ತುದಿಯಲ್ಲಿ ಎರಡು ಬಂಡೆಗಳ ಮಧ್ಯೆ ನೀರು ಸ್ವಲ್ಪ ಜೋರಾಗಿ ಹೋಗುತ್ತದೆ. ಮೇಲಿಂದ ನೋಡಿದರೆ ಗೊತ್ತಾಗೋದಿಲ್ಲ, ಹುಟ್ಟು ಹಿಡಿದವರಿಗೆ ಮಾತ್ರ ಗೊತ್ತು.

ಡಿಸೆಂಬರ್‌ನಲ್ಲಿ ಹನುಮಮಾಲೆ ಹಾಕಿದವರು ಅಂಜನಾದ್ರಿಗೆ ಬರುತ್ತಾರೆ. 575 ಮೆಟ್ಟಿಲು ಹತ್ತಿ ಇಳಿದವರಲ್ಲಿ ಕೆಲವರು ಕಾಲು ತಣ್ಣಗೆ ಮಾಡಿಕೊಳ್ಳೋಕೆ ನಮ್ಮ ಕಡೆ ಬರುತ್ತಾರೆ. ಅದರ ಹಿಂದೆಯೇ ಕ್ರಿಸ್‌ಮಸ್ ರಜೆ. ಬೆಂಗಳೂರು, ಹೈದರಾಬಾದ್ ಕಾರುಗಳು ಊರ ಬಾಗಿಲವರೆಗೆ ಸಾಲು ನಿಲ್ಲುತ್ತವೆ. ಇಡೀ ವರ್ಷದ ದುಡಿಮೆ ಆ ಹತ್ತು ದಿನದಲ್ಲಿ ಅಂತ ಅಂಬಿಗರು ಹೇಳುವುದು ಸುಮ್ನೆ ಅಲ್ಲ.

ಹರಗೋಲಿನ ಸ್ವಭಾವ ಒಂದು ಮಾತು ಹೇಳಿಬಿಡುತ್ತೇನೆ. ಬಿದಿರಿನ ಬುಟ್ಟಿ, ಹೊರಗೆ ಮೊದಲು ಚರ್ಮ ಇತ್ತು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಮುಂದೆ ಹಿಂದೆ ಅಂತ ಇಲ್ಲ. ಸುಮಾರು 500 ವರ್ಷದ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಇದೇ ಹೊಳೆಯ ಹರಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಬೇರೆ ದೋಣಿಯ ಹಾಗೆ ನೆಟ್ಟಗೆ ಹೋಗಲಾರವು, ಸುತ್ತುತ್ತಲೇ ಸಾಗುತ್ತವೆ ಅಂತ. ಆಗ ಅದು ಹರಗೋಲಿನ ಕೊರತೆ. ನಮ್ಮ ಕಾಲದಲ್ಲಿ ಅದನ್ನೇ ಜನ ನೂರು ರೂಪಾಯಿ ಜಾಸ್ತಿ ಕೊಟ್ಟು ಮಾಡಿಸಿಕೊಳ್ಳುತ್ತಿದ್ದರು. 'ಬುಗುರಿ' ಅಂತ ಅದಕ್ಕೆ ನಮ್ಮ ಹುಡುಗರು ಇಟ್ಟ ಹೆಸರು. ಅಂಬಿಗ ಹುಟ್ಟನ್ನು ಒಂದೇ ಕಡೆ ಎಳೆದು ಹರಗೋಲನ್ನು ಗಿರಗಿರ ತಿರುಗಿಸುತ್ತಾನೆ, ಕೂತವರು ಕಿರುಚುತ್ತಾರೆ, ಒಬ್ಬರು ವಿಡಿಯೋ ಮಾಡುತ್ತಾರೆ.

ಬುಗುರಿಯ ಹಣದ ಲೆಕ್ಕ ಇಲ್ಲಿ ಮುಖ್ಯ. ಟಿಕೆಟ್ ಹಣ ಡಬ್ಬಿಗೆ ಬಂದು ಸಂಜೆ ಎಲ್ಲರಿಗೂ ಹಂಚಿಕೆ ಆಗುತ್ತಿತ್ತು. ಬುಗುರಿಯ ನೂರು ಮಾತ್ರ ನೇರ ಅಂಬಿಗನ ಜೇಬಿಗೆ. ಹಾಗಾಗಿ ಯಾರು ಎಷ್ಟು ಬೇಗ ಹೋಗಿ, ಎಷ್ಟು ಸಲ ಸುತ್ತಿಸಿ, ಎಷ್ಟು ಬೇಗ ದಡಕ್ಕೆ ಬರುತ್ತಾರೆ ಅನ್ನೋದೇ ಆಟ.

ಆ ವಾರ ಕಂಡೂ ಕಾಣದ್ದು

ನಮ್ಮಲ್ಲಿ 12 ಹರಗೋಲು. ಒಂದಕ್ಕೆ ನಾಲ್ವರು, ಜೊತೆಗೆ ಅಂಬಿಗ. ಇದು ಬಾಯಿ ಮಾತಿನ ನಿಯಮ. ಇಬ್ಬರು ಸಣ್ಣ ಮಕ್ಕಳನ್ನು ಒಬ್ಬರ ಲೆಕ್ಕ ಹಿಡಿಯುತ್ತಿದ್ದೆವು. ನಿಯಮ ಸಡಿಲ ಆಗಿದ್ದು ಆ ಸಂದಿಯಲ್ಲೇ.

ಆ ವಾರ ಮೂರು ಸಂಗತಿ ನಡೆದಿದ್ದವು. ಬುಧವಾರ ಎರಡು ಹರಗೋಲು ಗುದ್ದಿಕೊಂಡವು. ಎಲ್ಲರೂ ನಕ್ಕರು. ಗುರುವಾರ ಒಬ್ಬರ ಫೋನ್ ನೀರಿಗೆ ಬಿತ್ತು, ಅದನ್ನು ಹಿಡಿಯೋಕೆ ಅವರು ಅಂಚಿಗೆ ಬಾಗಿದ್ದರಿಂದ ಇಡೀ ಹರಗೋಲು ಓಲಿತು. ಶನಿವಾರ ಬೆಳಿಗ್ಗೆ ಒಬ್ಬ ಮೀನುಗಾರ ಹರಿದ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಕುರ್ಚಿ ಹತ್ತಿರ ಬಂದರು. ಆ ಮಡುವಿನಲ್ಲಿ ಅವರ ಅಪ್ಪನ ಕಾಲದಿಂದ ಬಲೆ ಬಿಡುತ್ತಾರೆ. 'ನಿಮ್ಮ ಹುಡುಗ್ರು ಬುಗುರಿ ಆಡಸ್ಕೋಂತ ನನ್ನ ಬಲಿ ಮ್ಯಾಗ ಬಂದಾರ. ಇದನ್ನ ಯಾರು ಹೆಣೀಬೇಕು?' ಅಂದರು. ಎದುರಿಗೆ ಇಪ್ಪತ್ತು ಜನ ಟಿಕೆಟ್‌ಗೆ ನಿಂತಿದ್ದರು. 'ಸಂಜೆ ನೋಡೋಣ ತಡೀರಿ' ಅಂದೆ. ಅವರು ಬಲೆಯನ್ನು ಅಲ್ಲೇ ನೆಲದ ಮೇಲೆ ಹರಡಿ, ಹರಿದ ಜಾಗ ತೋರಿಸಿ, ಮತ್ತೆ ಮಡಚಿಕೊಂಡು ಹೋದರು. ಒಂದು ಮಾರಿನಷ್ಟು ಹರಿದಿತ್ತು.

ಇವು ಯಾವುದನ್ನೂ ನಾನು ನೋಟ್‌ಬುಕ್‌ನಲ್ಲಿ ಬರೆದಿಲ್ಲ. ಯಾರಿಗೂ ಏನೂ ಆಗಿರಲಿಲ್ಲ ಅಲ್ವಾ.

ಶನಿವಾರ ಸಂಜೆ 5.20

ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಆರು ಗಂಟೆ ಹೊತ್ತಿಗೆ ಮುಳುಗುತ್ತಾನೆ. ಬಂದವರಿಗೆಲ್ಲ ಆ ಕೊನೆಯ ನಲವತ್ತು ನಿಮಿಷವೇ ಬೇಕು. ಮಧ್ಯಾಹ್ನ ಮೂರಕ್ಕೆ ಖಾಲಿ ಹರಗೋಲು ತೂಕಡಿಸುತ್ತಿರುತ್ತವೆ, ಐದಕ್ಕೆ ಅರವತ್ತು ಜನ ಸಾಲಿನಲ್ಲಿ. ಅವತ್ತೂ ಹಾಗೇ. ಹಿಂದಿನಿಂದ ಒಬ್ಬರು 'ಸೂರ್ಯ ಹೋದ ಮೇಲೆ ಕಳಿಸ್ತೀರೇನ್ರಿ?' ಅಂತ ಕೂಗುತ್ತಿದ್ದರು.

ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು. ಮಕ್ಕಳಿಬ್ಬರೂ ಸೇರಿ ಒಬ್ಬರು ಅಂದರೆ ನಾಲ್ಕು. ಸರಿ. ಹತ್ತಿ ಕೂತ ಮೇಲೆ ದಡದಲ್ಲಿ ವಿಡಿಯೋ ಮಾಡುತ್ತಿದ್ದ ಸೋದರಮಾವನನ್ನು ಮಕ್ಕಳು ಕರೆದರು. ಅವರು ನನ್ನ ಮುಖ ನೋಡಿದರು. ಅಂಬಿಗ, ಐವತ್ತು ದಾಟಿದ ಮನುಷ್ಯ, ಅವರೂ ನನ್ನ ಮುಖ ನೋಡಿದರು. ಬೇಡ ಅಂದರೆ ಎರಡು ನಿಮಿಷ ವಾದ, ಸಾಲು ಇನ್ನೂ ಉದ್ದ. ನಾನು ಕೈ ಬೀಸಿದೆ. 'ಹತ್ರಿ, ಜಲ್ದಿ.' ನೋಟ್‌ಬುಕ್‌ನಲ್ಲಿ 6 ಅಂತ ಬರೆದೆ. ಆ ಹಾಳೆ ಈಗಲೂ ಇದೆ.

ಇನ್ನೂ ಎರಡು ತಪ್ಪು ದಡದಲ್ಲೇ ಆಗಿದ್ದವು. ಅಜ್ಜಿ ಸೆರಗಿನ ಮೇಲೆ ಲೈಫ್ ಜಾಕೆಟ್ ಬಿಗಿಯುತ್ತದೆ ಅಂತ ಅದನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಏಳು ವರ್ಷದ ಹುಡುಗಿಗೆ ದೊಡ್ಡವರ ಜಾಕೆಟ್ ಹಾಕಿದ್ದೆವು, ಯಾಕಂದರೆ ಸಣ್ಣದು ನಮ್ಮಲ್ಲಿ ಇರಲೇ ಇಲ್ಲ. ಕಾಲ ಸಂದಿಯಲ್ಲಿ ಹಾಕುವ ಪಟ್ಟಿ ಜೋತಾಡುತ್ತಿತ್ತು.

ಮಡುವಿನ ಮಧ್ಯದಲ್ಲಿ ಇನ್ನೊಂದು ಹರಗೋಲು ಬುಗುರಿ ಆಡುತ್ತಿತ್ತು. ನಾಲ್ಕು ಹುಡುಗರು, ಜೋರು ಹಾಡು ಹಾಕಿದ ಒಂದು ಸ್ಪೀಕರ್. ಅಂಬಿಗ ಆ ವರ್ಷವೇ ಹುಟ್ಟು ಹಿಡಿದ ಹುಡುಗ. ಬುಗುರಿಯಲ್ಲಿ ಒಂದು ಮೋಸ ಇದೆ. ಸುತ್ತುತ್ತಾ ಹರಗೋಲು ನಿಂತಲ್ಲಿ ನಿಲ್ಲೋದಿಲ್ಲ, ನೀರು ಎಳೆದ ಕಡೆ ಜಾರುತ್ತದೆ. ಸುತ್ತಿಸುವವನಿಗೂ ತಲೆ ಸುತ್ತಿರುತ್ತದೆ, ಎಲ್ಲಿಗೆ ಬಂದೆ ಅಂತ ಗೊತ್ತಾಗೋದಿಲ್ಲ. ಆ ಹಾಡಿನ ಸದ್ದಿನಲ್ಲಿ ನಮ್ಮ ಹಿರಿಯ ಅಂಬಿಗ ಕೂಗಿದ್ದು ಆ ಹುಡುಗನಿಗೆ ಕೇಳಲಿಲ್ಲ.

ಗುದ್ದಿದ್ದು ಜೋರಾಗಿ ಏನಲ್ಲ. ಬುಧವಾರದ ಗುದ್ದೂ ಇಷ್ಟೇ ಇತ್ತು. ಆದರೆ ಈ ಸಲ ಸೋದರಮಾವ ಮತ್ತು ಮಕ್ಕಳ ಅಪ್ಪ ಇಬ್ಬರೂ ಎದ್ದು ನಿಂತು, ಆ ಹರಗೋಲನ್ನು ಕೈಯಿಂದ ದೂಡೋಕೆ ಒಂದೇ ಅಂಚಿಗೆ ಹೋದರು. ಆರು ಜನರ ಭಾರಕ್ಕೆ ಅಂಚು ಆಗಲೇ ನೀರಿಗೆ ಹತ್ತಿರ ಇತ್ತು. ನೀರು ಒಳಗೆ ನುಗ್ಗಿತು. ಹುಡುಗಿ ಆ ಕಡೆಯಿಂದ ಜಾರಿ ಹೋದಳು.

ನಾನು ದಡದಿಂದ ನೋಡುತ್ತಿದ್ದೆ. ಸಿನಿಮಾದ ಹಾಗೆ ಕೈ ಬೀಸಿ ಕೂಗುತ್ತಾರೆ ಅಂದುಕೊಂಡಿದ್ದೆ. ಏನೂ ಸದ್ದಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ ಮೇಲೆ ತೇಲುತ್ತಿತ್ತು, ಅವಳ ಮುಖ ಅದರ ಒಳಗೆ. ಜಾಕೆಟ್ ಕಿವಿಯ ಮೇಲಕ್ಕೆ ಎದ್ದುಬಿಟ್ಟಿತ್ತು. ಮಾವ ಹಿಂದೆ ಮುಂದೆ ನೋಡದೆ ಹಾರಿದರು. ಅವರಿಗೆ ಈಜು ಅಷ್ಟಕ್ಕಷ್ಟೇ. ಈಗ ನೀರಿನಲ್ಲಿ ಇಬ್ಬರು.

ಇಲ್ಲಿ ಹಿರಿಯ ಅಂಬಿಗ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರು ಹಾರಲಿಲ್ಲ. ಅವರಿಗೆ ಈ ಹೊಳೆಯಲ್ಲಿ ಆಚೆ ದಡಕ್ಕೆ ಈಜಿ ಬರುವಷ್ಟು ತಾಕತ್ತಿದೆ, ಆದರೂ ಹಾರಲಿಲ್ಲ. ಹರಗೋಲಿನ ತಳದಲ್ಲಿ ಕುಕ್ಕರಿಸಿದರು. 'ಕುಂದರ್ರಿ! ಯಾರೂ ನಿಂದ್ರಬ್ಯಾಡ್ರಿ, ತಳಕ್ಕ ಕುಂದರ್ರಿ!' ಅಂತ ಗದರಿದರು. ಅಜ್ಜಿಯನ್ನು ಭುಜ ಹಿಡಿದು ಮಧ್ಯಕ್ಕೆ ಎಳೆದರು. ಆಮೇಲೆ ಹುಟ್ಟನ್ನು ಉದ್ದಕ್ಕೆ ಚಾಚಿ ಮಾವನ ಕೈಗೆ ಸಿಗುವಂತೆ ಹಿಡಿದರು. ಅವರು ಹಾರಿದ್ದರೆ ನಾಲ್ಕು ಜನ ಇದ್ದ, ನೀರು ತುಂಬಿದ ಹರಗೋಲನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ಹುಡುಗಿಯನ್ನು ಎತ್ತಿದ್ದು ಬೆಳಿಗ್ಗೆ ನನ್ನ ಹತ್ತಿರ ಬಂದಿದ್ದ ಮೀನುಗಾರ. ಹೆಣೆದ ಬಲೆಯನ್ನು ಬಿಡೋಕೆ ತಮ್ಮ ಪುಟ್ಟ ಹರಗೋಲಿನಲ್ಲಿ ಅಲ್ಲೇ ಬಂಡೆಯ ನೆರಳಿನಲ್ಲಿದ್ದರು. ಬಲೆಗೆ ತೇಲು ಅಂತ ಕಟ್ಟುವ ಐದು ಲೀಟರಿನ ಖಾಲಿ ಕ್ಯಾನ್ ಒಂದನ್ನು ಮಾವನ ಕಡೆ ಎಸೆದು, ಹುಡುಗಿಯ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದುಕೊಂಡರು. ಎಲ್ಲ ಸೇರಿ ಒಂದು ನಿಮಿಷ ಇರಬಹುದು. ನನಗೆ ಬಹಳ ಉದ್ದ ಅನಿಸಿತು.

ದಡದಲ್ಲಿ ಯಾರೋ ಹುಡುಗಿಯ ಕಾಲು ಹಿಡಿದು ತಲೆಕೆಳಗು ಮಾಡೋಕೆ ಹೋದರು, ನೀರು ಕಕ್ಕಿಸಬೇಕು ಅಂತ. ಸಾಲಿನಲ್ಲಿದ್ದ ಒಬ್ಬ ನರ್ಸ್ ತಡೆದರು. ಹುಡುಗಿ ಉಸಿರಾಡುತ್ತಿದ್ದಳು, ಕೆಮ್ಮುತ್ತಿದ್ದಳು. ಉಸಿರಾಡುತ್ತಿರುವವರನ್ನು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಇಡಬೇಕು, ಹೊಟ್ಟೆ ಒತ್ತೋದು, ತಿರುಗಿಸೋದು ಬೇಡ, ಉಸಿರು ನಿಂತಿದ್ದರೆ ಮಾತ್ರ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು ಎದೆ ಒತ್ತಬೇಕು ಅಂದರು. ಐದು ನಿಮಿಷದಲ್ಲಿ ಹುಡುಗಿ ಮಾತಾಡಿದಳು. ಮನೆಯವರು ರೂಮಿಗೆ ಹೋಗುತ್ತೇವೆ ಅಂದರು. ನರ್ಸ್ ಬಿಡಲಿಲ್ಲ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಬಹುದಂತೆ. ಅಷ್ಟರಲ್ಲಿ ಒಬ್ಬರು ಕಾರು ತಂದರು. ರಾತ್ರಿ ಪೂರ್ತಿ ಗಂಗಾವತಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಬೆಳಿಗ್ಗೆ ಕಳಿಸಿದರು. ಹುಡುಗಿ ಚೆನ್ನಾಗಿದ್ದಾಳೆ.

ಏನೇನು ಮಾಡಿ ನೋಡಿದೆವು

ಎರಡು ದಿನ ದಂಡೆ ಬಂದ್. ಮೊದಲ ದಿನ ಎಲ್ಲರೂ ಆ ಹೊಸ ಹುಡುಗನ ಮೇಲೆ ಬಿದ್ದರು. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಮೇಲೆ ಹಾಕಿ ಮುಗಿಸೋದು ನನಗೂ ಅನುಕೂಲವೇ ಇತ್ತು. ಹಿರಿಯ ಅಂಬಿಗ ಮಾತ್ರ ನನ್ನ ಕಡೆ ತಿರುಗಿ, 'ಆರು ಮಂದಿ ಅಂತ ಬರ್ದವರು ಯಾರು?' ಅಂದರು. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಮೊದಲು ಬೋರ್ಡ್ ಹಾಕಿದೆವು. ಕನ್ನಡ, ತೆಲುಗು, ಹಿಂದಿ, ಮೂರೂ ಭಾಷೆ, ಹನ್ನೊಂದು ನಿಯಮ. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಯಾರೂ ಓದಲಿಲ್ಲ. ನಾನೇ ಬೇರೆ ಊರಿಗೆ ಹೋದರೆ ಓದೋದಿಲ್ಲ, ಅವರನ್ನು ಏನು ಅನ್ನಲಿ.

ಆಮೇಲೆ ದಂಡ. ಬುಗುರಿ ಆಡಿಸಿದರೆ ಅಂಬಿಗನಿಗೆ ಐನೂರು ರೂಪಾಯಿ. ಇದು ಬೋರ್ಡಿಗಿಂತ ಕೆಟ್ಟದಾಯಿತು. ಬುಗುರಿ ನಿಲ್ಲಲಿಲ್ಲ, ನನ್ನ ಕಣ್ಣಿಗೆ ಬೀಳದ ಕಡೆ ಹೋಯಿತು. ನನ್ನ ಕಣ್ಣಿಗೆ ಬೀಳದ ಕಡೆ ಅಂದರೆ ಎರಡು ಬಂಡೆಗಳ ಆಚೆ, ನೀರು ಜೋರು ಇರುವ ಕಡೆ. ಮೂರನೇ ದಿನ ಅದು ಗೊತ್ತಾದಾಗ ನನಗೆ ಬೆವರು ಬಂತು. ದಂಡ ಅವತ್ತೇ ತೆಗೆದೆವು.

ಸಿಕ್ಕು ಬಿಚ್ಚಿಕೊಂಡದ್ದು ಮೀನುಗಾರರಿಂದ. ಬಲೆಯ ದುಡ್ಡು ಕೊಡೋಕೆ ಅವರ ಮನೆಗೆ ಹೋಗಿದ್ದೆ. ಚಹಾ ಕುಡಿಯುತ್ತಾ, 'ನೀವು ಬುಗುರಿ ಬ್ಯಾಡ ಅಂದ್ರ ಅವ್ರು ಬಿಡಂಗಿಲ್ಲ. ಅದಕ್ಕೊಂದು ಜಾಗ ಕೊಡ್ರಿ. ನಾ ನನ್ನ ಬಲಿಗೆ ಕ್ಯಾನ್ ಕಟ್ಟಂಗಿಲ್ಲೇನು, ಹಂಗ' ಅಂದರು. ಅಷ್ಟು ಸುಲಭದ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮಡುವಿನಲ್ಲಿ ನೀರು ನಿಂತಿರುವ ಕಡೆ ಖಾಲಿ ಕ್ಯಾನ್‌ಗಳನ್ನು ಕಲ್ಲಿಗೆ ಕಟ್ಟಿ ಒಂದು ವೃತ್ತ ಮಾಡಿದೆವು. ಬುಗುರಿ ಅದರ ಒಳಗೆ ಮಾತ್ರ, ಒಂದು ಸಲಕ್ಕೆ ಒಂದೇ ಹರಗೋಲು. ಒಳಗೆ ಒಬ್ಬರಿದ್ದರೆ ಉಳಿದವರು ದೂರ ನಿಂತು ಕಾಯಬೇಕು. ಇನ್ನೊಂದು ಕಡೆ ಮೀನುಗಾರರ ಬಲೆಯ ಜಾಗಕ್ಕೆ ನೀಲಿ ಕ್ಯಾನ್. ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ಎಲ್ಲ ಹರಗೋಲೂ ಬಂಡೆಯನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕು, ಎದುರಾಎದುರು ಬರಬಾರದು. ಬುಗುರಿಯ ಹಣವನ್ನು ಟಿಕೆಟ್ಟಿಗೇ ಸೇರಿಸಿದೆವು. ಬೇಕಾದವರು ತಿರುಗಲಿ, ಬೇಡದವರು ಸುಮ್ಮನೆ ಕೂರಲಿ, ದುಡ್ಡು ಮಾತ್ರ ಡಬ್ಬಿಗೆ. ಇದಕ್ಕೆ ಜಗಳ ಆಯಿತು. ಚುರುಕಾದ ಹುಡುಗರಿಗೆ ನಷ್ಟ, ಅದು ನಿಜವೇ. ಹಂಚಿಕೆಯ ತಕರಾರು ಇನ್ನೂ ಪೂರ್ತಿ ಮುಗಿದಿಲ್ಲ.

ಜಾಕೆಟ್ ಪರೀಕ್ಷೆ ಮಾಡಿದ್ದು ನನಗೆ ಮರೆಯೋಕೆ ಆಗೋದಿಲ್ಲ. ಒಂದೊಂದಕ್ಕೂ ಎಂಟು ಕೆಜಿ ಕಲ್ಲು ಕಟ್ಟಿ ನೀರಿಗೆ ಬಿಟ್ಟೆವು. ಕಲ್ಲು ನೀರಿನಲ್ಲಿ ಹಗುರ ಆಗುತ್ತದೆ, ದಡದ ಎಂಟು ಕೆಜಿ ಅಲ್ಲಿ ಐದರ ಹತ್ತಿರ. ಮನುಷ್ಯನ ತಲೆ ನೀರಿನ ಮೇಲೆ ನಿಲ್ಲೋಕೆ ಸುಮಾರು ಅಷ್ಟೇ ಆಸರೆ ಬೇಕು. 52 ಜಾಕೆಟ್‌ಗಳಲ್ಲಿ 19 ಕಲ್ಲಿನ ಜೊತೆ ಕೆಳಗೆ ಹೋದವು. ಬಿಸಿಲಿಗೆ ಒಣಗಿ, ಒಳಗಿನ ಸ್ಪಂಜು ಪುಡಿಯಾಗಿ, ನೋಡೋಕೆ ಮಾತ್ರ ಜಾಕೆಟ್. ಅವುಗಳನ್ನು ಮೂರು ವರ್ಷದಿಂದ ನಾನು ಜನರ ಕೈಗೆ ಕೊಡುತ್ತಿದ್ದೆ. ಹೊಸದರಲ್ಲಿ ಹನ್ನೆರಡು ಮಕ್ಕಳ ಅಳತೆಯವು ತಂದೆವು. ಈಗ ಊರಿನ ಒಬ್ಬ ಅಕ್ಕ ದಡದಲ್ಲೇ ನಿಂತು ಕಟ್ಟುತ್ತಾರೆ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯುತ್ತಾರೆ, ಜಾಕೆಟ್ ಗಲ್ಲ ದಾಟಿದರೆ ಮತ್ತೆ ಬಿಗಿ. ಅಜ್ಜಿಯರ ಸೆರಗನ್ನು ಅವರೇ ಒಳಗೆ ಸೇರಿಸಿ, ಮಾತಾಡಿಸುತ್ತಾ ಪಟ್ಟಿ ಹಾಕುತ್ತಾರೆ. ಗಂಡಸರು ಹೇಳಿದರೆ ಒಪ್ಪದ ಅಜ್ಜಿಯರು ಅವರ ಮಾತಿಗೆ ಒಪ್ಪುತ್ತಾರೆ. ನಿಂತುಕೊಳ್ಳಬೇಡಿ, ಗುದ್ದಿದರೆ ತಳಕ್ಕೆ ಕೂತುಬಿಡಿ ಅನ್ನೋದನ್ನೂ ಆಗಲೇ ಹೇಳುತ್ತಾರೆ. ಬೋರ್ಡಿನ ಹನ್ನೊಂದು ನಿಯಮದಲ್ಲಿ ಉಳಿದದ್ದು ಇವೆರಡೇ.

ಸ್ಪೀಕರ್ ದಡದಲ್ಲಿ ಬಿಟ್ಟು ಹೋಗಬೇಕು. ಇದಕ್ಕೆ ನಾವು ಕೊಡುವ ಕಾರಣ ನೀರುನಾಯಿ. ಸುಳ್ಳೇನಲ್ಲ, ಡ್ಯಾಂನಿಂದ ಕಂಪ್ಲಿ ಸೇತುವೆವರೆಗೆ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಅಂಬಿಗರ ಕೂಗು ಕೇಳಬೇಕು ಅಂದರೆ ಜನ ಮುಖ ಸಿಂಡರಿಸುತ್ತಾರೆ, ನೀರುನಾಯಿ ಹೆದರುತ್ತದೆ ಅಂದರೆ ಖುಷಿಯಿಂದ ಆಫ್ ಮಾಡುತ್ತಾರೆ.

ಇಷ್ಟೆಲ್ಲಕ್ಕಿಂತ ಕಷ್ಟ ಆದದ್ದು ಸಾಲು. ಟೋಕನ್ ಮೇಲೆ ಸಮಯ ಬರೆದು ಕೊಡೋಕೆ ಶುರು ಮಾಡಿದೆವು. 4.40 ಅಂದರೆ 4.40. ಅಲ್ಲಿವರೆಗೆ ಚಹಾ ಕುಡಿಯಿರಿ, ಬಂಡೆ ಮೇಲೆ ಕೂರಿ. ಕಣ್ಣೆದುರು ಸಾಲು ಇಲ್ಲದಿದ್ದರೆ ನನ್ನ ಕೈ ತಾನಾಗೇ ಬೀಸೋದಿಲ್ಲ. ಕೊನೆಯ ಹರಗೋಲು 5.15ಕ್ಕೆ ಬಿಡುತ್ತದೆ. ಸೂರ್ಯ ಮುಳುಗುವುದನ್ನು ದಡದಿಂದ ನೋಡಿ. ಮಕ್ಕಳೂ ಈಗ ಪೂರ್ತಿ ಒಂದೊಂದು ಲೆಕ್ಕ. ಟೋಕನ್ ಪುಸ್ತಕದಲ್ಲಿ ನಾಲ್ಕೇ ಮನೆ ಅಚ್ಚು ಹಾಕಿಸಿದ್ದೇವೆ, ಐದನೆಯದು ಬರೆಯೋಕೆ ಜಾಗ ಇಲ್ಲ. ವಾರದ ಕೊನೆಗೆ ಮೀನುಗಾರರು ಮಧ್ಯಾಹ್ನ ಮೂರರಿಂದ ಆರರವರೆಗೆ ಹಗ್ಗ, ಕ್ಯಾನ್ ಇಟ್ಟುಕೊಂಡು ತಮ್ಮ ಹರಗೋಲಿನಲ್ಲಿ ಕಾವಲು ಇರುತ್ತಾರೆ, ಅದಕ್ಕೆ ಡಬ್ಬಿಯಿಂದ ಕೂಲಿ.

ಆಮೇಲೆ

ಸಂಕ್ರಾಂತಿ ವಾರ ದೊಡ್ಡ ಪರೀಕ್ಷೆ ಆಗಿತ್ತು. ಡಿಸೆಂಬರ್‌ಗಿಂತ ದಿನಕ್ಕೆ ಕಡಿಮೆ ಸುತ್ತು ಆದವು, ಸುಮಾರು ಐದರಲ್ಲಿ ಒಂದು ಭಾಗ ಹೋಯಿತು. ಟಿಕೆಟ್ ಜಾಸ್ತಿ ಮಾಡಿದ್ದರಿಂದ ಹಣ ಅಷ್ಟೇನೂ ಇಳಿಯಲಿಲ್ಲ. ಈಗ ಸಣ್ಣ ಸಣ್ಣ ಗುದ್ದೂ ಬರೆದಿಡುತ್ತೇನೆ. ಆ ಸೀಸನ್ ಮುಗಿಯುವ ಹೊತ್ತಿಗೆ ನಾಲ್ಕು ಸೇರಿದ್ದವು, ಅದರಲ್ಲಿ ಮೂರು ಇಳಿಯುವ ಕಡೆಯೇ. ಹಾಗಾಗಿ ಹತ್ತುವ ಜಾಗ ಇಳಿಯುವ ಜಾಗ ಬೇರೆ ಮಾಡಿದೆವು. ಆ ಹೊಸ ಹುಡುಗ ಒಂದು ತಿಂಗಳು ಹಿರಿಯರ ಹರಗೋಲಿನಲ್ಲಿ ಕೂತು ಕಲಿತು, ಮತ್ತೆ ಹುಟ್ಟು ಹಿಡಿದಿದ್ದಾನೆ.

ಫೆಬ್ರವರಿಯ ಒಂದು ಭಾನುವಾರ ಸಂಜೆ 5.40ಕ್ಕೆ ಒಂದು ಬಿಳಿ ಕಾರು ಬಂತು. ಸಾಹೇಬರ ಗೆಸ್ಟ್ ಅಂತ ಡ್ರೈವರ್ ಹೇಳಿದ. ಯಾವ ಸಾಹೇಬರು ಅಂತ ನಾನು ಕೇಳಲಿಲ್ಲ. ಫೋನ್ ನನ್ನ ಕೈಗೆ ಕೊಡೋಕೆ ಬಂದ, ನಾನು ತೆಗೆದುಕೊಳ್ಳಲಿಲ್ಲ. ಹಿಂದೆ ಅಂಬಿಗರು ಆಗಲೇ ಹರಗೋಲು ಎಳೆದು ದಡಕ್ಕೆ ಹಾಕುತ್ತಿದ್ದರು, ಯಾರೂ ಕೈ ನಿಲ್ಲಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಬನ್ನಿ, ಆಗ ಯಾರೂ ಇರೋದಿಲ್ಲ, ಹೊಳೆ ಇನ್ನೂ ಚೆಂದ ಇರುತ್ತದೆ ಅಂತ ಹೇಳಿ 6.30ರ ಟೋಕನ್ ಬರೆದುಕೊಟ್ಟೆ. ನಾಲ್ಕು ಮನೆ ತುಂಬಿಸಿದೆ. ಅವರು ಬರಲಿಲ್ಲ.